ಶ್ರವಣಯಂತ್ರ ಡಬ್ಬಿಯಲ್ಲೇ ಉಳಿಯುವುದೇಕೆ?

ಶ್ರವಣದೋಷವಿರುವ ವಿದ್ಯಾರ್ಥಿಗಳ ಅರ್ಜಿ ಪರಿಶೀಲನೆಗೆ ಮನೆಗೆ ಹೋದಾಗ "ಮೆಷಿನ್ ಇದೆಯಾ?" ಎಂದು ಕೇಳಿದರೆ ಹೆಚ್ಚಿನವರು ಇದೆ ಎನ್ನುತ್ತಾರೆ. "ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳುತ್ತಾನೆ?" ಎಂದರೆ ತಾಯಿ ಕಪಾಟಿನಿಂದ ಡಬ್ಬಿ ತೆಗೆದು ತೋರಿಸುವುದೂ ಉಂಟು. ಆದ್ದರಿಂದ ಈ ಬಾರಿ ವರದಿಯ ಜೊತೆಗೆ ಈ ವಿವರಣೆ ಕೊಡುತ್ತಿದ್ದೇವೆ.

ಶ್ರವಣದೋಷವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಂತೆ 20ರಿಂದ 35ರವರೆಗೆ ಅಲ್ಪ, 50ರವರೆಗೆ ಮಧ್ಯಮ, 65ರಿಂದ 80 ತೀವ್ರ. ಅದಕ್ಕಿಂತ ಮೇಲಿನದು ಅತಿತೀವ್ರ. ಆದರೆ ಯಂತ್ರದಿಂದ ಸಿಗುವ ಸಮಾಧಾನ ಈ ಅಂಕಿಯನ್ನೇ ಹಿಂಬಾಲಿಸುವುದಿಲ್ಲ.

ಅಲ್ಪ ದೋಷವಿರುವವರಿಗೆ ಮನೆಯ ಮಾತು ಹೇಗೋ ಕೇಳುತ್ತದೆ. ಯಂತ್ರ ಹಾಕಿದ ಕೂಡಲೇ ಫ್ಯಾನ್, ಪಾತ್ರೆ, ತಮ್ಮದೇ ಧ್ವನಿ ಎಲ್ಲವೂ ಜೋರಾಗಿ, ಲಾಭಕ್ಕಿಂತ ಕಿರಿಕಿರಿಯೇ ಹೆಚ್ಚೆನಿಸಿ ತೆಗೆದಿಡುತ್ತಾರೆ. ತೀವ್ರ ದೋಷವಿರುವವರು ಅದನ್ನು ಬಿಟ್ಟಿರಲಾರರು; ಆದರೆ ಅವರ ನಿರಾಸೆ ಬೇರೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಹಾಳಾಗಿರುವುದರಿಂದ ಸದ್ದು ದೊಡ್ಡದಾದರೂ ಅಕ್ಷರ ಸ್ಪಷ್ಟವಾಗುವುದಿಲ್ಲ. ಸಣ್ಣ ಸದ್ದು ಕೇಳದು, ಸ್ವಲ್ಪ ಹೆಚ್ಚಿಸಿದರೆ ಸಹಿಸಲಾಗದು. ಮದುವೆ ಹಾಲ್‌ನಲ್ಲಿ, ಗದ್ದಲದ ತರಗತಿಯಲ್ಲಿ ಅವರು ಸೋಲುವುದು ಇದರಿಂದಲೇ. "ಇಷ್ಟು ಹಣ ಕೊಟ್ಟರೂ ಕೇಳಿಸಲ್ವಾ?" ಎಂದು ಮಗುವನ್ನು ಗದರುವ ಹಿರಿಯರಿಗೆ ಇದನ್ನು ಹೇಳಲೇಬೇಕು. ಕನ್ನಡಕ ಹಾಕಿದಂತೆ ಅಲ್ಲ ಇದು. ಹೊಸ ಸದ್ದುಗಳಿಗೆ ಒಗ್ಗಿಕೊಳ್ಳಲು ವಾರಗಳೇ ಬೇಕು.

ಇನ್ನೊಂದು ಕಾರಣ ತೀರಾ ಸಣ್ಣದು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಹಳೆಯ ಅಚ್ಚು ಸಡಿಲವಾಗುತ್ತದೆ, ಯಂತ್ರ ಕುಯ್ಯೆಂದು ಸಿಳ್ಳೆ ಹಾಕುತ್ತದೆ. ತರಗತಿಯಲ್ಲಿ ಮಕ್ಕಳು ನಗುತ್ತಾರೆ. ಮೆಷಿನ್ ಕೆಟ್ಟಿತೆಂದು ಮನೆಯವರು ಎತ್ತಿಡುತ್ತಾರೆ. ಬೇಕಾದದ್ದು ಹೊಸ ಅಚ್ಚು ಮಾತ್ರ! ಬ್ಯಾಟರಿಯದೂ ಹಾಗೆಯೇ: ಸ್ಟಿಕರ್ ಕಿತ್ತ ಮೇಲೆ ಬಳಸದಿದ್ದರೂ ಅದು ಇಳಿಯುತ್ತಾ ಹೋಗುತ್ತದೆ.

ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಆದಾಯ ನೋಡಿ ಯಂತ್ರ ಕೊಡುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಯಂತ್ರದ ಹೊಂದಾಣಿಕೆ ಎರಡೂ ಆಗುತ್ತವೆ. ನಾವು ಹಿಂದೆ ಯಂತ್ರದ ಬೆಲೆಗಷ್ಟೇ ನೆರವು ಕೊಟ್ಟು ಕೈತೊಳೆದುಕೊಂಡಿದ್ದೆವು. ಅದು ನಮ್ಮ ತಪ್ಪು. ಈ ಸಾಲಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಚ್ಚು, ಬ್ಯಾಟರಿ, ಮರುಹೊಂದಾಣಿಕೆಗೆ ಹೋಗಿಬರುವ ಬಸ್ ಖರ್ಚು ಬರೆಯಲು ಪ್ರತ್ಯೇಕ ಜಾಗವಿದೆ. ಇತ್ತೀಚಿನ ಆಡಿಯೋಗ್ರಾಂ ಪ್ರತಿ ಲಗತ್ತಿಸಿ. ಯಂತ್ರ ಡಬ್ಬಿಯಲ್ಲಿದ್ದರೆ ಹಾಗೆಂದೇ ಬರೆಯಿರಿ; ಆ ಕಾರಣಕ್ಕೆ ಯಾರ ವೇತನವನ್ನೂ ನಿಲ್ಲಿಸುವುದಿಲ್ಲ.