ಶಂಖದ ಹುಳುವಿನ ಸಂತಾನ ಬೆಳೆಯುವ ಬಗೆ

ಮಿರಗದ ಮಳೆ ಬಿದ್ದು ನೆಲ ತಣಿದೊಡನೆ ಬದುಗಳ ಮೇಲೆ, ಬಾವಿಕಟ್ಟೆಯ ಸುತ್ತ, ತಿಪ್ಪೆಯ ಮಗ್ಗುಲಲ್ಲಿ ಶಂಖ ಹೊತ್ತ ಹುಳುಗಳು ಕಾಣಿಸಿಕೊಳ್ಳುವುದುಂಟು. ನಮ್ಮ ನೆಲದ ಸಣ್ಣ ಜಾತಿಗಳಿಂದ ಹೆಚ್ಚಿನ ಕೇಡಿಲ್ಲ. ಆದರೆ ಮೊನಚು ಶಂಖದ ಮೇಲೆ ಕಂದು ಪಟ್ಟೆಗಳುಳ್ಳ, ಅಂಗೈಯಷ್ಟು ಬೆಳೆಯುವ ಆಫ್ರಿಕದ ದೊಡ್ಡ ಬಸವನಹುಳುವಿನ ಮಾತೇ ಬೇರೆ. ೨೦೨೨ರ ಮುಂಗಾರಿನಲ್ಲಿ ಲಾತೂರು, ಬೀಡ ಮತ್ತು ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಶಂಖದ ಹುಳುಗಳು ಸೋಯಾ ಸಸಿಗಳನ್ನು ಎಳೆಯದರಲ್ಲೇ ತಿಂದುಹಾಕಿದವು. ಅನೇಕ ರೈತರು ಎರಡನೆಯ ಸಲ ಬಿತ್ತಬೇಕಾಯಿತು. ಲಾತೂರಿಗೂ ನಮಗೂ ನಡುವೆ ಇರುವುದು ಬೀದರ ಜಿಲ್ಲೆಯೊಂದೇ. ಆದಕಾರಣ ಪಸ್ತಾಪುರ, ಜಹೀರಾಬಾದ, ನಾರಾಯಣಖೇಡ, ತಾಂಡೂರು ಕಡೆಯ ರೈತಬಾಂಧವರು ಈ ಹುಳು ಹೇಗೆ ಹೆಚ್ಚುತ್ತದೆಂಬುದನ್ನು ಈಗಲೇ ತಿಳಿದಿರುವುದು ಒಳ್ಳೆಯದು.

ದನಗಳಲ್ಲಿ ಹೋರಿ ಬೇರೆ, ಆಕಳು ಬೇರೆ. ಈ ಹುಳುವಿನಲ್ಲಿ ಹಾಗಲ್ಲ. ಒಂದೊಂದು ಹುಳುವಿನಲ್ಲೂ ಗಂಡಿನ ಅಂಗ, ಹೆಣ್ಣಿನ ಅಂಗ ಎರಡೂ ಇರುತ್ತವೆ. ಹುಟ್ಟಿದ ಆರು ತಿಂಗಳ ಸುಮಾರಿಗೆ ಅದು ಪ್ರಾಯಕ್ಕೆ ಬರುತ್ತದೆ. ತಾನೇ ತಾನಾಗಿ ಫಲಿಸುವುದು ಅಪರೂಪವಾದ್ದರಿಂದ ಅದಕ್ಕೆ ಜೊತೆ ಬೇಕು. ಎರಡು ಹುಳುಗಳು ರಾತ್ರಿಯಲ್ಲಿ ಹಲವು ತಾಸು ಕೂಡಿದ್ದು ಒಂದರ ಬೀಜವನ್ನು ಇನ್ನೊಂದು ಪಡೆಯುತ್ತದೆ. ಹೀಗೆ ಪಡೆದ ಬೀಜವನ್ನು ಹುಳು ತನ್ನೊಳಗೆ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಮತ್ತೆ ಕೂಡದೆಯೇ ಇನ್ನೊಮ್ಮೆ ಮೊಟ್ಟೆ ಇಡಬಲ್ಲದು. ಆದುದರಿಂದ ಹೊಲದಲ್ಲಿ ಒಂದೇ ಹುಳು ಉಳಿದಿದೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ.

ಮೊಟ್ಟೆಗಳು ಜೋಳದ ಕಾಳಿನಷ್ಟು ದಪ್ಪವಾಗಿ, ಹಳದಿ ಬೆರೆತ ಬಿಳಿ ಬಣ್ಣದವಾಗಿರುತ್ತವೆ. ಒಂದು ಸಲಕ್ಕೆ ೧೦೦ರಿಂದ ೪೦೦ರವರೆಗೆ, ವರುಷದಲ್ಲಿ ಹಲವು ಸಲ ಇಡುತ್ತದೆ. ಸಡಿಲವಾದ ಹಸಿ ಮಣ್ಣಿನಲ್ಲಿ ಒಂದೆರಡು ಅಂಗುಲ ತೋಡಿ, ಇಲ್ಲವೆ ಕಲ್ಲು, ಕಸ, ಕೊಳೆತ ಎಲೆಗಳ ಅಡಿಯಲ್ಲಿ ರಾಶಿಯಾಗಿ ಇಟ್ಟು ಹೋಗುತ್ತದೆ. ಬಿಸಿಲು ತೇವಗಳಿಗೆ ತಕ್ಕಂತೆ ಒಂದರಿಂದ ಮೂರು ವಾರದೊಳಗೆ ಮರಿಗಳು ಒಡೆದು ಬಂದು, ಮೊದಲು ತಮ್ಮ ಮೊಟ್ಟೆಯ ತೊಗಟೆಯನ್ನೇ ತಿನ್ನುತ್ತವೆ. ಶಂಖ ಕಟ್ಟಲು ಬೇಕಾದ ಸುಣ್ಣದ ಅಂಶ ಅದರಲ್ಲಿದೆ. ಕೆಲವು ದಿನ ಮಣ್ಣಿನೊಳಗೇ ಇದ್ದು ಆಮೇಲೆ ಚಿಗುರಿಗೆ ಏರುತ್ತವೆ. ಬೇಸಗೆಯಲ್ಲಿ ಹುಳು ಶಂಖದ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ನಿದ್ರಿಸಿ, ಮಳೆಯೊಡನೆ ಏಳುತ್ತದೆ.

ಈ ಸಂತಾನದ ವೇಗಕ್ಕೆ ಒಂದು ಉದಾಹರಣೆ: ೧೯೬೬ರಲ್ಲಿ ಅಮೆರಿಕದ ಮಯಾಮಿ ನಗರಕ್ಕೆ ಒಬ್ಬ ಹುಡುಗ ಆಟಕ್ಕೆಂದು ಮೂರು ಹುಳು ತಂದನು. ಅವು ತೋಟ ಸೇರಿದವು. ಏಳು ವರುಷಗಳಲ್ಲಿ ಅಲ್ಲಿ ೧೮,೦೦೦ಕ್ಕೂ ಮಿಕ್ಕಿ ಹುಳುಗಳು ಸಿಕ್ಕವು. ಅವನ್ನು ನಿರ್ಮೂಲ ಮಾಡಲು ಸರಕಾರಕ್ಕೆ ಹತ್ತು ಲಕ್ಷ ಡಾಲರು ಖರ್ಚಾಯಿತು. ನಮ್ಮ ದೇಶಕ್ಕೂ ಇದು ತಾನಾಗಿ ಬಂದುದಲ್ಲ. ೧೮೪೭ರಲ್ಲಿ ಬೆನ್ಸನ್ ಎಂಬವರು ಮಾರಿಷಸಿನಿಂದ ಕಲಕತ್ತೆಗೆ ತಂದರು.

ಪಶ್ಚಿಮ ಆಫ್ರಿಕದ ನೈಜೀರಿಯ, ಘಾನಾ ದೇಶಗಳಲ್ಲಿ ಇದರ ಬಳಗದ ಹುಳುಗಳನ್ನೂ, ಫ್ರಾನ್ಸಿನಲ್ಲಿ ಬೇರೆ ಜಾತಿಯವನ್ನೂ ಆಹಾರಕ್ಕಾಗಿ ಸಾಕುತ್ತಾರೆ. ಸಾಕುವವರು ಏನು ಮಾಡುತ್ತಾರೆಂಬುದನ್ನು ನಾವು ಗಮನಿಸಬೇಕು. ಅವರು ಗೂಡಿಗೆ ನೆರಳು ಮಾಡಿ, ಸಡಿಲ ಮಣ್ಣು ಹಾಸಿ, ದಿನವೂ ನೀರು ಚಿಮುಕಿಸುತ್ತಾರೆ. ಮಣ್ಣು ಒಣಗಿ ಗಟ್ಟಿಯಾದರೆ ಹುಳು ಮೊಟ್ಟೆ ಇಡುವುದಿಲ್ಲ. ನೀರು ನಿಂತರೆ ಇಟ್ಟ ಮೊಟ್ಟೆಯೂ ಕೊಳೆಯುತ್ತದೆ. ಸಾಕುವವರು ಒದಗಿಸುವ ನೆರಳು, ತೇವ, ಅಡಗುತಾಣಗಳನ್ನು ನಾವು ನಮ್ಮ ಹೊಲದಲ್ಲಿ ಸಿಗದಂತೆ ಮಾಡಿದರೆ ಅರ್ಧ ಕೆಲಸವಾದಂತೆ. ಆದಾಯವಾದೀತೆಂದು ಈ ಆಫ್ರಿಕದ ಹುಳುವನ್ನು ಯಾರೂ ತಂದು ಸಾಕತಕ್ಕದ್ದಲ್ಲ. ಒಂದೆರಡು ತಪ್ಪಿಸಿಕೊಂಡರೆ ಊರಿಗೇ ಕೇಡು.

ಮಾಡಬೇಕಾದುದು ಇಷ್ಟು: ಬೇಸಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಮೊಟ್ಟೆಗಳನ್ನೂ ಮಲಗಿದ ಹುಳುಗಳನ್ನೂ ಬಿಸಿಲಿಗೆ ಒಡ್ಡಬೇಕು. ಬದುವಿನ ಕಸ, ಕಲ್ಲುಗುಪ್ಪೆಗಳನ್ನು ತೆಗೆಯಬೇಕು. ಮಳೆ ಬಿದ್ದ ಮೇಲೆ ಸಂಜೆ ಬೆಲ್ಲದ ನೀರಿನಲ್ಲಿ ನೆನೆಸಿದ ಗೋಣಿತಟ್ಟುಗಳನ್ನು ಬದುವಿನ ಬಳಿ ಹಾಸಿ, ಬೆಳಗಿನ ಜಾವ ಅಡಿಯಲ್ಲಿ ಸೇರಿದ ಹುಳುಗಳನ್ನು ಆರಿಸಬೇಕು. ಅವನ್ನು ಉಪ್ಪುನೀರಿನ ಬಕೀಟಿಗೆ ಹಾಕಿ ಕೊಂದು, ಆಳದ ಗುಂಡಿಯಲ್ಲಿ ಸುಣ್ಣ ಚೆಲ್ಲಿ ಹೂಳಬೇಕು. ಉಪ್ಪನ್ನು ಹೊಲಕ್ಕೇ ಚೆಲ್ಲಬಾರದು, ಮಣ್ಣು ಕೆಡುತ್ತದೆ. ಮೊಟ್ಟೆ ಸಿಕ್ಕಲ್ಲಿ ಜಜ್ಜಿ ಹಾಕಬೇಕು. ಹುಳು ಬಿದ್ದ ಊರಿನಿಂದ ಗೊಬ್ಬರ, ಮಣ್ಣು, ಸಸಿ ತರುವಾಗ ಚೆನ್ನಾಗಿ ಹುಡುಕಿ ನೋಡಬೇಕು. ವಿಷದ ಕಾಳು ದನ, ನಾಯಿಗಳಿಗೂ ಅಪಾಯಕರ. ಬಳಸುವ ಮೊದಲು ಡಿಡ್ಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬೇಕು.

ಈ ಹುಳುವನ್ನು ಬರಿಗೈಯಿಂದ ಮುಟ್ಟಕೂಡದು. ಇಲಿಗಳಿಂದ ಬರುವ ಒಂದು ಬಗೆಯ ಜಂತು ಇದರಲ್ಲಿರಬಹುದು. ಅದು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಬಾವು ತರಬಲ್ಲದು. ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು. ಆರಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಸೊಪ್ಪು ತರಕಾರಿಗಳನ್ನು ತೊಳೆದು ಬೇಯಿಸಿ ಉಣ್ಣಬೇಕು.

ಹುಳುವಿಗೆ ಹೊಲದ ಮೇರೆ ತಿಳಿಯದು. ಒಬ್ಬರು ಆರಿಸಿ, ಪಕ್ಕದವರು ಬಿಟ್ಟರೆ ಫಲವಿಲ್ಲ. ಮೊದಲ ಮಳೆಯ ಬಳಿಕ ಎರಡು ಮೂರು ವಾರ ಊರವರೆಲ್ಲ ಕೂಡಿ ಒಂದೇ ಹೊತ್ತಿಗೆ ಆರಿಸಬೇಕು. ಆಗ ಆರಿಸಿದ ಒಂದೊಂದು ಹುಳುವಿನೊಡನೆ ಅದು ಇಡಲಿದ್ದ ನೂರಾರು ಮೊಟ್ಟೆಗಳೂ ಇಲ್ಲವಾಗುತ್ತವೆ.