ನೀರಿಗೂ ಚಿಪ್ಪಿಗೂ ನಡುವೆ

ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 180 ಚದರ ಸೆಂಟಿಮೀಟರ್ ಇದ್ದರೆ, ಒಂದೊಂದು ಚದರ ಸೆಂಟಿಮೀಟರಿನಿಂದ ಐದಾರು ವ್ಯಾಟ್ ಶಾಖ ಹೊರಬರುತ್ತದೆ. ಬಟ್ಟೆ ಸುಡಲು ಅಷ್ಟು ಸಾಕು. 2022ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು ಪೂರ್ತಿ ದುಡಿಯುವಾಗ 450 ವ್ಯಾಟ್ ಎಳೆಯುತ್ತದೆ. ಅದರಲ್ಲಿ ಮೆಮೊರಿ, ವಿದ್ಯುತ್ ಹದಗೊಳಿಸುವ ಬಿಡಿಭಾಗಗಳ ಪಾಲು ಕಳೆದು ಮುಖ್ಯ ಚಿಪ್ಪಿಗೆ 360 ವ್ಯಾಟ್ ಎಂದು ಹಿಡಿಯೋಣ. ಚಿಪ್ಪಿನ ವಿಸ್ತೀರ್ಣ 6 ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಂದರೆ ಚದರ ಸೆಂಟಿಮೀಟರಿಗೆ 60 ವ್ಯಾಟ್, ಇಸ್ತ್ರಿ ಪೆಟ್ಟಿಗೆಯ ಹತ್ತು ಪಟ್ಟು. ಇಷ್ಟು ಇಕ್ಕಟ್ಟಿನಿಂದ ಇಷ್ಟು ಶಾಖವನ್ನು ಸದ್ದಿಲ್ಲದೆ ಹೊರಗೆ ಸಾಗಿಸಲು ಹುಟ್ಟಿದ್ದು ವಾಟರ್ ಬ್ಲಾಕ್. ಒಳಗೆ ಸಣ್ಣ ಸಾಲುಗಳನ್ನು ಕೊರೆದ ತಾಮ್ರದ ಹಲಗೆಯೊಂದನ್ನು ಚಿಪ್ಪಿನ ಮೇಲೆ ಒತ್ತಿ ಕೂರಿಸಿ, ಸಾಲುಗಳಲ್ಲಿ ಪಂಪಿನಿಂದ ನೀರು ಹರಿಸುತ್ತಾರೆ. ಬಿಸಿಯಾದ ನೀರು ರೇಡಿಯೇಟರಿಗೆ ಹೋಗಿ, ಫ್ಯಾನಿನ ಗಾಳಿಗೆ ಶಾಖ ಬಿಟ್ಟುಕೊಟ್ಟು ಮರಳುತ್ತದೆ. ಸ್ಲೊವೇನಿಯಾದ ಇಕೆ, ಜರ್ಮನಿಯ ಆಲ್ಫಾಕೂಲ್, ಚೀನಾದ ಬೈಕ್ಸ್ಕಿ ಹೀಗೆ ಬ್ಲಾಕ್ ತಯಾರಿಸುವವರು ಹಲವರಿದ್ದಾರೆ. ಕೊಳ್ಳುವವರು ಹೋಲಿಸುವುದು ಸಾಮಾನ್ಯವಾಗಿ ಒಂದೇ ಅಂಕಿಯನ್ನು: ಚಿಪ್ಪಿನ ಉಷ್ಣಾಂಶ ಯಾವುದರಲ್ಲಿ ಎರಡು ಡಿಗ್ರಿ ಕಡಿಮೆ? ಆ ಅಂಕಿಯಿಂದ ಬ್ಲಾಕಿನ ಗುಣ ತಿಳಿಯುವುದು ತೀರಾ ಕಡಿಮೆ ಎಂಬುದೇ ನನ್ನ ವಾದ.

ಮೊದಲ ಕಾರಣ ಹವೆ. ನೀರು ಎಷ್ಟೇ ಸುತ್ತಿದರೂ ರೇಡಿಯೇಟರಿಗೆ ಬಡಿಯುವ ಗಾಳಿಗಿಂತ ತಣ್ಣಗಾಗಲಾರದು. ನಮ್ಮ ತುಮಕೂರು ಸೀಮೆಯ ಹುಲಿಯೂರುದುರ್ಗದಲ್ಲಿ ಏಪ್ರಿಲ್ ಮಧ್ಯಾಹ್ನ ಕೋಣೆಯ ಗಾಳಿ 36 ಡಿಗ್ರಿ ಇದ್ದಾಗ 66 ಡಿಗ್ರಿ ತೋರಿಸುವ ಕಾರ್ಡು, ಎ.ಸಿ. ಹಾಕಿ 24 ಡಿಗ್ರಿಗೆ ಇಳಿಸಿದ ಕೋಣೆಯಲ್ಲಿ 54ರ ಆಸುಪಾಸು ತೋರಿಸುತ್ತದೆ. ಬ್ಲಾಕು ಅದೇ, ಚಿಪ್ಪೂ ಅದೇ. ಎರಡನೆಯದು ಸಮಯ. ಬೇಸಿಗೆಯಲ್ಲಿ ದುರ್ಗದ ಬಂಡೆ ಹೊತ್ತು ಮುಳುಗಿದ ಮೇಲೂ ಕಾವು ಹಿಡಿದಿರುತ್ತದೆ, ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಕಾಯುವುದೂ ಇಲ್ಲ. ನೀರಿನ ಈ ಗುಣ ಬಂಡೆಗಿಂತಲೂ ಹೆಚ್ಚು: ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,180 ಜೂಲ್ ಬೇಕು. ಐದು ನಿಮಿಷ ಓಡಿಸಿ ಅಳೆದರೆ ನೀರು ಇನ್ನೂ ಕಾಯುತ್ತಲೇ ಇರುತ್ತದೆ, ಅಂಕಿ ಚೆಂದ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು, ಉಷ್ಣಾಂಶ ಏರುವುದು ನಿಂತ ಮೇಲೆ ಅಳೆದದ್ದೇ ಲೆಕ್ಕ. ಆಗಲೂ ನೋಡಬೇಕಾದ್ದು ಚಿಪ್ಪಿನ ಉಷ್ಣಾಂಶದಿಂದ ನೀರಿನ ಉಷ್ಣಾಂಶ ಕಳೆದು ಉಳಿಯುವ ಅಂತರವನ್ನು. ಬ್ಲಾಕಿನ ಕೆಲಸ ನಡೆಯುವುದು ಆ ಅಂತರದೊಳಗೆ. ಅದರಾಚೆಯದು ರೇಡಿಯೇಟರು ಮತ್ತು ಫ್ಯಾನಿನ ಜವಾಬ್ದಾರಿ.

ಆ ಅಂತರದೊಳಗೂ ಬ್ಲಾಕು ಒಂಟಿಯಲ್ಲ. ಶಾಖ ದಾಟುವ ಒಂದೊಂದು ಪದರವೂ ತನ್ನ ಪಾಲಿನ ಡಿಗ್ರಿಗಳನ್ನು ಕೇಳುತ್ತದೆ, ಆ ಪಾಲನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಪದರದ ದಪ್ಪವನ್ನು ಅದರ ಶಾಖವಾಹಕತೆಯಿಂದ ಭಾಗಿಸಿ, ಚದರ ಮೀಟರಿಗೆ ಹರಿಯುವ ಶಾಖದಿಂದ ಗುಣಿಸಿದರೆ ಆಯಿತು. ನಮ್ಮ ಚಿಪ್ಪಿಗೆ ಆ ಶಾಖ ಆರು ಲಕ್ಷ ವ್ಯಾಟ್. ತಾಮ್ರದ ವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 400 ವ್ಯಾಟ್. ಎರಡು ಮಿಲಿಮೀಟರ್ ದಪ್ಪದ ತಾಮ್ರದ ತಳ 3 ಡಿಗ್ರಿ ಕೇಳುತ್ತದೆ. ನಿಕ್ಕಲ್ ಲೇಪ ಕೊಟ್ಟ ಬ್ಲಾಕು ಬಿಸಿಯೆಂದು ಹೆದರುವವರಿದ್ದಾರೆ. ಲೇಪ 10 ಮೈಕ್ರಾನಿನ ಶುದ್ಧ ನಿಕ್ಕಲ್ ಆಗಿದ್ದರೆ ಅದರ ಪಾಲು ಡಿಗ್ರಿಯ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಇನ್ನು ಚಿಪ್ಪಿಗೂ ತಾಮ್ರಕ್ಕೂ ನಡುವೆ ಸವರುವ ಥರ್ಮಲ್ ಪೇಸ್ಟ್. ಅದರ ವಾಹಕತೆ 5 ಎಂದಿಟ್ಟುಕೊಂಡರೆ, 25 ಮೈಕ್ರಾನ್ ಪದರಕ್ಕೆ 3 ಡಿಗ್ರಿ, 50 ಮೈಕ್ರಾನಿಗೆ 6, 100 ಮೈಕ್ರಾನಿಗೆ 12. ನೂರು ಮೈಕ್ರಾನ್ ಅಂದರೆ ಒಂದು ಹಾಳೆಯ ದಪ್ಪ. ಎರಡು ಬ್ಲಾಕುಗಳ ನಡುವೆ ಎರಡು ಡಿಗ್ರಿ ವ್ಯತ್ಯಾಸ ಕಂಡಿತೆಂದು ಒಂದನ್ನು ಮೇಲೆಂದರೆ, ನಿಜಕ್ಕೂ ಅಳೆದದ್ದು ಪೇಸ್ಟ್ ಸವರಿದ, ಸ್ಕ್ರೂ ಬಿಗಿದ ಕೈಯನ್ನೇ ಆಗಿರಬಹುದು. ಒಂದೇ ಬ್ಲಾಕನ್ನು ಮೂರು ಸಲ ಬಿಚ್ಚಿ ಕೂರಿಸಿ ಮೂರೂ ಅಂಕಿಗಳನ್ನು ಕೊಡದ ಹೋಲಿಕೆಯನ್ನು ಆದ್ದರಿಂದ ನಾನು ಒಪ್ಪುವುದಿಲ್ಲ.

ಹಾಗಾದರೆ ದುಬಾರಿ ಬ್ಲಾಕೂ ಅಗ್ಗದ್ದೂ ಒಂದೇ ಏನು ಎಂದು ಕೇಳಬಹುದು. ಒಂದೇ ಅಲ್ಲ. ತಳ ಎಷ್ಟು ಸಮತಟ್ಟು, ಒತ್ತಡ ನಾಲ್ಕೂ ಮೂಲೆಗೆ ಎಷ್ಟು ಸಮನಾಗಿ ಬೀಳುತ್ತದೆ ಎಂಬುದರ ಮೇಲೆಯೇ ಪೇಸ್ಟಿನ ದಪ್ಪ ನಿಂತಿದೆ. ತಳವನ್ನು ನಯವಾಗಿ, ಸಪಾಟಾಗಿ ಕಡೆದ ಶ್ರಮಕ್ಕೆ ಬೆಲೆ ಕೊಡುವುದು ನ್ಯಾಯ. ಹೊಳೆಯುವ ದೀಪ, ಗಾಜಿನಂಥ ಮುಚ್ಚಳಕ್ಕೆ ಕೊಡುವ ಬೆಲೆ ಶಾಖಕ್ಕೆ ಸಂಬಂಧಪಟ್ಟದ್ದಲ್ಲ.

ಬ್ಲಾಕಿನ ನಿಜವಾದ ವಿದ್ಯೆ ಇರುವುದು ಸಾಲುಗಳಲ್ಲಿ. 1981ರಲ್ಲಿ ಸ್ಟ್ಯಾನ್‌ಫರ್ಡಿನ ಟಕರ್‌ಮನ್ ಮತ್ತು ಪೀಸ್ ಸಿಲಿಕಾನಿನಲ್ಲೇ 50 ಮೈಕ್ರಾನ್ ಅಗಲ, 300 ಮೈಕ್ರಾನ್ ಆಳದ ಕಾಲುವೆಗಳನ್ನು ಕೊರೆದು ನೀರು ಹರಿಸಿದರು. ಚದರ ಸೆಂಟಿಮೀಟರಿಗೆ 790 ವ್ಯಾಟ್ ಹೊತ್ತರೂ ಉಷ್ಣಾಂಶ ಏರಿದ್ದು 71 ಡಿಗ್ರಿ ಮಾತ್ರ. ಕಾಲುವೆ ಕಿರಿದಾದಷ್ಟೂ ನೀರಿನ ನಟ್ಟನಡುವಿಗೆ ಶಾಖ ಸಾಗಬೇಕಾದ ದೂರ ಕಡಿಮೆ, ಗುಟ್ಟು ಅಷ್ಟೇ. ಅದಕ್ಕೆ ತೆರಿಗೆಯೂ ಇದೆ: ಅವರ ಪ್ರಯೋಗದಲ್ಲಿ ನೀರನ್ನು ತಳ್ಳಲು ಎರಡು ವಾತಾವರಣಗಳಷ್ಟು ಒತ್ತಡ ಬೇಕಾಯಿತು, ಅಂದರೆ ನೀರನ್ನು 20 ಮೀಟರಿಗೂ ಮೇಲೆ ಎತ್ತುವಷ್ಟು ಹೆಡ್ಡು. ಕೊಳವೆ ಬಾವಿ ನೋಡಿದ ತುಮಕೂರು ಸೀಮೆಯ ರೈತರಿಗೆ ಹೆಡ್ಡು, ಡಿಸ್ಚಾರ್ಜು (ಹರಿವು) ಬಿಡಿಸಿ ಹೇಳಬೇಕಿಲ್ಲ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಕಂಪ್ಯೂಟರಿನ ಪುಟ್ಟ ಪಂಪಿನ ಹೆಡ್ಡು ಸುಮಾರು 4 ಮೀಟರ್. ಹೀಗಾಗಿ ಅಂಗಡಿಯ ಬ್ಲಾಕುಗಳು ಆ 50 ಮೈಕ್ರಾನಿಗಿಂತ ಅಗಲವಾದ, ಆದರೂ ಹೆಚ್ಚಾಗಿ ಅರ್ಧ ಮಿಲಿಮೀಟರಿನೊಳಗಿನ ಸಾಲುಗಳಿಗೆ ತೃಪ್ತಿಪಡುತ್ತವೆ. ಹರಿವು ಕುಸಿಯಬಾರದು ನಿಜ: ನಿಮಿಷಕ್ಕೆ ಒಂದು ಲೀಟರ್ ಹರಿದರೆ 450 ವ್ಯಾಟಿಗೆ ನೀರು 6.5 ಡಿಗ್ರಿ ಕಾಯುತ್ತದೆ, ನಾಲ್ಕು ಲೀಟರ್ ಹರಿದರೆ 1.6 ಡಿಗ್ರಿ. ಹರಿವನ್ನು ಹೇಳದೆ ಬರೀ ಡಿಗ್ರಿ ಹೇಳುವ ಹೋಲಿಕೆ ಅರ್ಧ ಮಾತ್ರ.

ಬಳಸುವವನಿಗೆ ಬೇಕಾದ್ದು ಕೊನೆಯ ಉಷ್ಣಾಂಶ ತಾನೆ, ನಿಮ್ಮ ಅಂತರ ಕಟ್ಟಿಕೊಂಡು ಅವನೇನು ಮಾಡಬೇಕು ಎಂಬ ಆಕ್ಷೇಪ ಸಹಜ. ಆದರೆ ಕೊನೆಯ ಉಷ್ಣಾಂಶ ಇಳಿಯಬೇಕಾದರೆ ಹಣ ಎಲ್ಲಿ ಹಾಕಬೇಕೆಂದು ತಿಳಿಸುವುದು ಅಂತರವೇ. ಅಂತರ ಚಿಕ್ಕದಿದ್ದೂ ಕಾರ್ಡು ಬಿಸಿಯಿದ್ದರೆ ಹೊಸ ಬ್ಲಾಕು ನೆರವಾಗದು, ದೊಡ್ಡ ರೇಡಿಯೇಟರು ನೆರವಾಗುತ್ತದೆ. ದೊಡ್ಡ ಯಂತ್ರಗಳನ್ನು ಕಟ್ಟುವವರು ಇದನ್ನೇ ನಂಬಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಶುರುಮಾಡಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರು ಆಟೋಸ್ ಕಂಪನಿಯ ಎಕ್ಸ್ಎಚ್2000 ಸರಣಿಯದು. ನೇರ ದ್ರವ ತಂಪಿಗೆಂದೇ ರೂಪಿಸಿದ ಆ ಸರಣಿಗೆ 40 ಡಿಗ್ರಿಯವರೆಗಿನ ಬೆಚ್ಚನೆ ನೀರೂ ಸಾಕು. ಐಬಿಎಂ ಮತ್ತು ಜ್ಯೂರಿಕ್ಕಿನ ಇಟಿಎಚ್ ಸೇರಿ 2010ರಲ್ಲಿ ಸ್ಥಾಪಿಸಿದ ಅಕ್ವಾಸಾರ್ ಸೂಪರ್‌ಕಂಪ್ಯೂಟರು 60 ಡಿಗ್ರಿಯ ನೀರಿನಿಂದಲೇ ಚಿಪ್ಪುಗಳನ್ನು ತಣಿಸಿ, ಆ ಬಿಸಿಯನ್ನು ಕಟ್ಟಡ ಬೆಚ್ಚಗಿಡಲು ಕೊಟ್ಟಿತು. ಅಂತರವನ್ನು ಕಿರಿದಾಗಿ ಹಿಡಿದಿಟ್ಟವರಿಗೆ ನೀರಿನ ಬಿಸಿ ಅಡ್ಡಿಯಾಗಲಿಲ್ಲ.

ಮುಖ್ಯ ಚಿಪ್ಪೊಂದನ್ನೇ ನೋಡುವುದೂ ತಪ್ಪು. 2020ರ ಆರ್‌ಟಿಎಕ್ಸ್ 3090ರ 24 ಮೆಮೊರಿ ಚಿಪ್ಪುಗಳಲ್ಲಿ 12 ಇದ್ದದ್ದು ಸರ್ಕ್ಯೂಟ್ ಹಲಗೆಯ ಬೆನ್ನಿಗೆ. ಮುಂಭಾಗವನ್ನು ಪೂರ್ತಿ ಮುಚ್ಚಿದ ಬ್ಲಾಕೂ ಅವುಗಳನ್ನು ಮುಟ್ಟುತ್ತಿರಲಿಲ್ಲ. ಚಿಪ್ಪು ತಣ್ಣಗೆ, ಬೆನ್ನು ಕೆಂಡ. ಆಮೇಲೆ ಬೆನ್ನಿಗೂ ನೀರು ಹರಿಸುವ ಹಲಗೆಗಳು ಬಂದವು. ಕುಣಿಗಲ್ಲಿನ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಕಾರ್ಡು ದಿನವಿಡೀ ದುಡಿಯುವಂಥದ್ದಾದರೆ, ಬ್ಲಾಕು ಮೆಮೊರಿಯನ್ನೂ ವಿದ್ಯುತ್ ಬಿಡಿಭಾಗಗಳನ್ನೂ ಮುಚ್ಚುತ್ತದೆಯೇ ಎಂಬುದು ಎರಡು ಡಿಗ್ರಿಗಿಂತ ದೊಡ್ಡ ಪ್ರಶ್ನೆ.

ನಮ್ಮ ಸೀಮೆಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ನೀರು. ಡ್ರಿಪ್ ಹಾಕಿದ ತೆಂಗು, ಅಡಿಕೆ ತೋಟದವರಿಗೆ ಗೊತ್ತು, ಗಡಸು ನೀರಿನ ಉಪ್ಪು ಕಟ್ಟಿದರೆ ಡ್ರಿಪ್ಪರು ಮುಚ್ಚಿಹೋಗುತ್ತದೆ, ಆ್ಯಸಿಡ್ ಬಿಟ್ಟು ತೊಳೆಯಬೇಕು. ಬ್ಲಾಕಿನ ಸಾಲುಗಳು ಡ್ರಿಪ್ಪರಿನ ದಾರಿಗಿಂತಲೂ ಇಕ್ಕಟ್ಟು. ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ಡ್ರಿಪ್ಪಿನಲ್ಲಿ ದಿನಾ ಹೊಸ ನೀರು, ಇಲ್ಲಿ ಅದೇ ನೀರು ಸುತ್ತುತ್ತದೆ, ಉಪ್ಪು ಎಲ್ಲಿಂದ ಬಂದೀತು? ಒಪ್ಪಿದೆ. ಲೀಟರಿಗೆ 600 ಮಿಲಿಗ್ರಾಂ ಗಡಸುತನ ಕುಡಿಯುವ ನೀರಿಗೆ ಭಾರತೀಯ ಮಾನಕ ಸಹಿಸುವ ಕೊನೆಯ ಮಿತಿ. ಅಂಥ ಒಂದು ಲೀಟರಿನಿಂದ ಇಳಿಯುವುದು ಹೆಚ್ಚೆಂದರೆ ಅರ್ಧ ಗ್ರಾಂ ಚಿಲ್ಲರೆ ಸುಣ್ಣ. ಆದರೆ ಅದು ಸಮನಾಗಿ ಹರಡಿ ಕೂರುವುದಿಲ್ಲ. ಹಂಡೆಯಲ್ಲಿ ಉರಿ ತಾಗುವ ತಳದಲ್ಲೇ ಬಿಳಿ ಪದರ ಕಟ್ಟುವಂತೆ, ಇಲ್ಲೂ ಚಿಪ್ಪಿನ ನೆತ್ತಿಯ ಬಿಸಿ ಸಾಲುಗಳಲ್ಲೇ ಕಟ್ಟುತ್ತದೆ. ಪ್ರತಿ ಸಲ ಕಡಿಮೆಯಾದ ನೀರು ತುಂಬಿದಾಗ ಇನ್ನಷ್ಟು ಸೇರುತ್ತದೆ. ಜೊತೆಗೆ ಲವಣದ ನೀರು ವಿದ್ಯುತ್ ಹರಿಯಲು ದಾರಿ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರು ಜೋಡಿಸಿದ್ದರೆ ಅಲ್ಯೂಮಿನಿಯಂ ಕರಗತೊಡಗುತ್ತದೆ, ಕರಗಿದ ಪುಡಿ ಬಂದು ಸಿಕ್ಕಿಕೊಳ್ಳುವುದು ಅದೇ ಸಾಲುಗಳಲ್ಲಿ.

ಪರಿಹಾರ ದೂರವಿಲ್ಲ: ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಮ್ಮ ಊರುಗಳ ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೆ ತುಕ್ಕು ಮತ್ತು ಪಾಚಿ ತಡೆಯುವ ದ್ರಾವಣ ಬೆರೆಸಿ ಬಳಸಬೇಕು, ಇಲ್ಲವೇ ತಯಾರಕರು ಮಾರುವ ಸಿದ್ಧ ಕೂಲೆಂಟನ್ನೇ ಹಾಕಬೇಕು. ಆದರೂ ಸಾಲುಗಳನ್ನು ಒಂದು ದಿನ ತೊಳೆಯಬೇಕಾದೀತು, ಹಾಗಾಗಿ ಕೊಳ್ಳುವ ಮೊದಲು ಬ್ಲಾಕನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಿಕ್ಕರೆ ತಿರುವಿ ನೋಡಿ: ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ಬಿಚ್ಚುತ್ತದೆಯೇ, ಒಳಗಿನ ರಬ್ಬರ್ ಉಂಗುರ ಬಿಡಿಯಾಗಿ ಸಿಗುತ್ತದೆಯೇ, ಹಲ್ಲುಜ್ಜುವ ಬ್ರಷ್ಷು ಸಾಲುಗಳನ್ನು ಮುಟ್ಟುತ್ತದೆಯೇ.