ಉಪಾಹಾರಗೃಹದ ತಪಾಸಣೆಯ ಕಾಗದಗಳು

ನಮ್ಮ ಕೋಡ್ಲಾದ ಸುತ್ತಣ ಸಿಮೆಂಟು ಕಾರಖಾನೆಗಳಿಗೂ ಫರಸಿ ಕಲ್ಲಿನ ಗಣಿಗಳಿಗೂ ಹೋಗುವ ಎಷ್ಟೋ ಕೂಲಿಕಾರರಿಗೆ, ಲಾರಿ ಚಾಲಕರಿಗೆ ರಸ್ತೆಬದಿಯ ಹೋಟೆಲಿನ ಸುಸಲಾ, ಮಿರ್ಚಿ ಭಜಿಗಳೇ ನಾಷ್ಟಾ. ಹೊಟ್ಟೆ ಕೆಟ್ಟಿತೆಂದರೆ ಅಂದಿನ ಕೂಲಿಯೂ ಹೋಯಿತು. ಆದುದರಿಂದ ಇಂತಹ ಹೋಟೆಲುಗಳ ತಪಾಸಣೆಯ ಕಾಗದಗಳನ್ನು ಓದಲು ಕಲಿಯುವುದು ಅವಶ್ಯವೆಂದು ನನಗೆ ತೋರುತ್ತದೆ.

1954ರ ಕಲಬೆರಕೆ ತಡೆ ಕಾಯಿದೆಯ ಸ್ಥಾನದಲ್ಲಿ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ತಪಾಸಣೆಗೆ ಬಂದ ಅಧಿಕಾರಿಗಳು ನೀರು, ಚರಂಡಿ, ಅಡಿಗೆಯವನ ಕೈಮೇಲಿನ ಗಾಯ ಎಲ್ಲವನ್ನೂ ನೋಡಿ ಬರೆದುಕೊಳ್ಳುತ್ತಾರೆ. ಬಿಸಿ ಪದಾರ್ಥ 60 ಡಿಗ್ರಿಗೆ ಮೇಲೆ, ತಣ್ಣನೆಯದು 5 ಡಿಗ್ರಿಯೊಳಗೆ ಇರಬೇಕು. ಬೇಸಿಗೆಯಲ್ಲಿ 42 ಡಿಗ್ರಿಗೆ ಏರುವ ನಮ್ಮ ಸೀಮೆಯಲ್ಲಿ ಮಧ್ಯಾಹ್ನ ಮುಚ್ಚಿಟ್ಟ ಪಲ್ಯವು ರಾತ್ರಿಯ ತನಕ ಇವೆರಡರ ನಡುವೆಯೇ ಕುಳಿತಿರುತ್ತದೆ. ರೋಗಾಣುಗಳಿಗೆ ಅದಕ್ಕಿಂತ ದೊಡ್ಡ ಹಬ್ಬವುಂಟೆ?

ಭಜಿಯ ಎಣ್ಣೆಯದೇ ಬೇರೆ ಕತೆ. ಅದನ್ನು ಮತ್ತೆ ಮತ್ತೆ ಕಾಯಿಸಿದಂತೆಲ್ಲ ಎಣ್ಣೆ ಒಡೆದು ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಅವು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು 2018ರ ಜುಲೈ 1ರಿಂದ ನಿಯಮವಿದೆ. ಎಣ್ಣೆ ಕಪ್ಪಾಗುವುದು, ನೊರೆ ಕಟ್ಟುವುದು ಬರಿಯ ಗುರುತುಗಳು. ಅಳೆಯಲು ಕೈಯಲ್ಲಿ ಹಿಡಿಯುವ ಉಪಕರಣವೇ ಇದೆ.

ಮಾದರಿಯನ್ನು ಒಯ್ಯುವಾಗ ಅದನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ. ಅವರು 14 ದಿನಗಳೊಳಗೆ ವರದಿ ಕೊಡಬೇಕು. ಎರಡು ಭಾಗ ಅಂಕಿತಾಧಿಕಾರಿಗಳ ವಶದಲ್ಲಿ. ಅಂಗಡಿಯವನು ಕೇಳಿಕೊಂಡರೆ ನಾಲ್ಕನೆಯದನ್ನು ಬೇರೊಂದು ಮಾನ್ಯ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಹಕ್ಕು ತನಗುಂಟೆಂದು ಬಡ ವ್ಯಾಪಾರಿಗಳಲ್ಲಿ ಎಷ್ಟು ಮಂದಿ ಬಲ್ಲರೋ!

ವರದಿಯ ತೀರ್ಮಾನವನ್ನು ಮಾತ್ರ ಎಚ್ಚರದಿಂದ ಓದಬೇಕು. ‘ಅಸುರಕ್ಷಿತ’ ಎಂದರೆ ತಿಂದವರಿಗೆ ಅಪಾಯ. ‘ಕಳಪೆ ಗುಣಮಟ್ಟ’ ಎಂದರೆ ನಿಗದಿಯಾದ ಮಟ್ಟಕ್ಕೆ ಬಂದಿಲ್ಲ, ಆದರೆ ಅಪಾಯಕಾರಿಯಲ್ಲ. ‘ತಪ್ಪು ಮುದ್ರೆ’ ಎಂಬುದು ಬಹುಮಟ್ಟಿಗೆ ಚೀಟಿಯ ದೋಷ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮಾತನಾಡುವುದು ಅನ್ಯಾಯ. 2024ರ ಮಾರ್ಚಿಯಲ್ಲಿ ರಾಜ್ಯ ಸರಕಾರವು ಪ್ರಕಟಿಸಿದ ಲೆಕ್ಕದಲ್ಲಿ ಗೋಬಿ ಮಂಚೂರಿಯ 171 ಮಾದರಿಗಳ ಪೈಕಿ 107 ಮಾದರಿಗಳು ಕೃತಕ ಬಣ್ಣದಿಂದಾಗಿ ಅಸುರಕ್ಷಿತವೆನಿಸಿದವು. ಅದು ಮೊದಲನೆಯ ಬಗೆಯ ದೋಷ. ಆಗಲೇ ಆ ತಿನಿಸಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದರು.

ಇನ್ನು ಗೋಡೆಯ ಮೇಲೆ ತೂಗುಹಾಕಿರುವ 14 ಅಂಕಿಗಳ ಸಂಖ್ಯೆ. ಅಂಗಡಿಯು ದಾಖಲೆಯಲ್ಲಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಈ ಹೊತ್ತಿನ ಬಾಣಲೆಯ ಎಣ್ಣೆ ಎಂದಿನದೆಂಬುದನ್ನು ಅಂಗಡಿಯವನನ್ನೇ ಕೇಳಬೇಕು.